ಬ್ರೇಕ್ ಒತ್ತಿದರೆ ಪೆಡಲ್ ನಡುಗುತ್ತದೆ, ಹೊಸ ಕಾರು ಕೆಟ್ಟಿದೆಯೇ?

ಮಸ್ಕಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಕಾರು ಕೊಂಡಿದ್ದೇನೆ. ಇಪ್ಪತ್ತು ವರ್ಷ ಬೈಕಿನಲ್ಲಿಯೇ ಶಾಲೆಗೆ ಹೋಗಿ ಬಂದವನು. ಲೈಸೆನ್ಸ್ ಇದೆ, ಆದರೆ ಕಲಿತದ್ದು ಭಾವಮೈದುನನ ಹಳೆಯ ಕಾರಿನಲ್ಲಿ. ಈ ಹೊಸ ಕಾರು ಕೊಡುವ ದಿನ ಶೋರೂಮಿನವರು ಹಾರ ಹಾಕಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಫೋಟೊ ತೆಗೆದರು. ಗುಂಡಿಗಳ ಬಗ್ಗೆ ಹೇಳಲು ಬಂದ ಹುಡುಗ ಮೊಬೈಲ್ ಜೋಡಿಸುವುದನ್ನು ಮೂರು ನಿಮಿಷ ತೋರಿಸಿ, "ಉಳಿದದ್ದೆಲ್ಲ ಪುಸ್ತಕದಲ್ಲಿದೆ ಸರ್" ಎಂದು ಹೊರಟುಹೋದ.

ಮೊನ್ನೆ ಸಂಜೆ ಸಿಂಧನೂರಿನಿಂದ ಬರುತ್ತಿದ್ದೆ. ತಿರುವು ದಾಟುತ್ತಿದ್ದಂತೆ ರಸ್ತೆಯ ತುಂಬ ಕುರಿ ಹಿಂಡು. ಇದ್ದಬದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ತುಳಿದೆ. ಕಾಲಿನ ಕೆಳಗೆ ಪೆಡಲ್ ಗಡಗಡ ನಡುಗಿತು, ಕಲ್ಲಿನ ಮೇಲೆ ಕಬ್ಬಿಣದ ಸರಪಳಿ ಎಳೆದಂಥ ಸದ್ದು. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆದುಬಿಟ್ಟೆ. ಕಾರು ಮುಂದಕ್ಕೆ ನುಗ್ಗಿತು. ಮತ್ತೆ ತುಳಿದಾಗ ನಿಂತಿತು. ಬಾನೆಟ್ಟಿಗೂ ಕೊನೆಯ ಕುರಿಗೂ ನಡುವೆ ಒಂದು ಮೊಳ. ಕುರಿಗಾಹಿ ಅಂದದ್ದನ್ನು ಇಲ್ಲಿ ಬರೆಯಲಾರೆ.

ಪೆಡಲ್ ಏಕೆ ನಡುಗಿತು? ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋಗಬೇಕೇ? ಇನ್ನೊಂದು ಸಂಗತಿ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಜಾತ್ರೆಯ ಹಾಗೆ ದೀಪಗಳು ಹತ್ತುತ್ತವೆ. ದಾರಿಯಲ್ಲಿ ಆಗಾಗ ಎಲ್ಲಿಂದಲೋ "ಟಿಂಗ್" ಎನ್ನುತ್ತದೆ. ಮನೆಯವರು ತಮ್ಮ ಫೋನ್ ಎಂದುಕೊಂಡು ಚೀಲವನ್ನೆಲ್ಲ ತಡಕಾಡುತ್ತಾರೆ.

ಕೌಲ್ ಬಜಾರ್ ಮೆಕ್ಯಾನಿಕ್

ಮಾಸ್ತರರೇ, ಕಾರು ಕೆಟ್ಟಿಲ್ಲ. ನೀವು ಕಾಲು ತೆಗೆದಿರಲ್ಲ, ಕೆಟ್ಟದ್ದು ಅದೊಂದೇ.

ಅದು ಎ.ಬಿ.ಎಸ್., ಅಂದರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಬಲವಾಗಿ ಬ್ರೇಕ್ ಒತ್ತಿದಾಗ ಕಾರು ಇನ್ನೂ ಓಡುತ್ತಿರುವಾಗಲೇ ಚಕ್ರ ತಿರುಗುವುದು ನಿಂತುಬಿಟ್ಟರೆ ಟಯರು ಜಾರುತ್ತದೆ. ಜಾರುವ ಟಯರಿಗೆ ಸ್ಟಿಯರಿಂಗ್ ಮಾತು ಕೇಳಿಸುವುದಿಲ್ಲ. ನೀವು ಎಡಕ್ಕೆ ತಿರುಗಿಸಿದರೂ ಅದು ನೇರವಾಗಿಯೇ ಹೋಗುತ್ತದೆ. ಹಾಗಾಗದಂತೆ ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಕಾವಲು ಕಾಯುತ್ತದೆ. ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕ ಕೂಡಲೇ ಆ ಚಕ್ರದ ಬ್ರೇಕನ್ನು ಸ್ವಲ್ಪ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಬಾರಿ. ಬ್ರೇಕ್ ಆಯಿಲ್ ಹೀಗೆ ಹಿಂದೆ ಮುಂದೆ ಓಡಾಡುವುದೇ ನಿಮ್ಮ ಕಾಲಿಗೆ ತಗುಲಿದ ನಡುಕ. ಸದ್ದು ಪಂಪಿನದು.

ಮುಂದಿನ ಸಲ ನಡುಗಿದರೆ ಇನ್ನೂ ಗಟ್ಟಿಯಾಗಿ ಒತ್ತಿ, ಒತ್ತಿಯೇ ಇರಿ, ಜೊತೆಗೆ ಖಾಲಿ ಜಾಗದ ಕಡೆಗೆ ಸ್ಟಿಯರಿಂಗ್ ತಿರುಗಿಸಿ. ಹಾಗೆ ತಿರುಗಿಸಲು ಸಾಧ್ಯವಾಗಲಿ ಎಂದೇ ಅದನ್ನು ಕೊಟ್ಟಿದ್ದಾರೆ.

ನಿವೃತ್ತ ಚಾಲಕ, ರಾಯಚೂರು

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು. ನಮ್ಮ ಗುರುಗಳು ಕಲಿಸಿದ್ದು ಬೇರೆ. ಬ್ರೇಕನ್ನು ಒಂದೇ ಸಮ ತುಳಿಯಬಾರದು, ಒತ್ತಿ ಬಿಡು, ಒತ್ತಿ ಬಿಡು ಎಂದು. ಮಳೆಯಲ್ಲಿ ಬಸ್ಸಿನ ಹಿಂಬದಿ ಬೀಸಿ ಹೋಗದಿರಲಿ ಎಂದು ಕಾಲಿನಲ್ಲಿಯೇ ಆ ವಿದ್ಯೆ ಇಟ್ಟುಕೊಂಡಿದ್ದೆವು. ನಿವೃತ್ತಿಯಾದ ಮೇಲೆ ಮಗನ ಕಾರಿನಲ್ಲಿಯೂ ಅದನ್ನೇ ಮಾಡುತ್ತಿದ್ದೆ. ಒಮ್ಮೆ ಹಾಗೆ ಮಾಡಿದ್ದಕ್ಕೆ ಮುಂದಿದ್ದ ಆಟೊದ ಹಿಂದಿನ ದೀಪ ಹೋಯಿತು, ಮುನ್ನೂರು ರೂಪಾಯಿ ತೆತ್ತೆ. ಮಗ ಆಗ ಹೇಳಿದ: "ಅಪ್ಪಾ, ನೀನು ಕಾಲಿನಿಂದ ಮಾಡುವುದನ್ನು ಅದು ನಿನಗಿಂತ ಬೇಗ ಮಾಡುತ್ತದೆ. ನೀನು ಬಿಟ್ಟಾಗಲೆಲ್ಲ ಅದರ ಕೆಲಸವೂ ನಿಲ್ಲುತ್ತದೆ." ಸಿಟ್ಟು ಬಂದಿತ್ತು. ಈಗ ಒಪ್ಪುತ್ತೇನೆ. ಹಳಬರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಅಭ್ಯಾಸ ಬಿಡಿ.

ಎರೆಹೊಲ, ಸಿರುಗುಪ್ಪ

ಮೆಕ್ಯಾನಿಕ್ ಅಣ್ಣನ ಮಾತು ಸರಿ, ಆದರೆ ಅರ್ಧ. ಎ.ಬಿ.ಎಸ್. ಇದ್ದ ಮಾತ್ರಕ್ಕೆ ಕಾರು ಎಲ್ಲ ಕಡೆ ಬೇಗ ನಿಲ್ಲುತ್ತದೆ ಎಂದು ಮಾಸ್ತರರು ನಂಬಿಬಿಟ್ಟರೆ ಕಷ್ಟ. ಜಲ್ಲಿ, ಮರಳು, ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರ ಹೆಚ್ಚಾಗುವುದೂ ಉಂಟು. ಕಚ್ಚಿಕೊಂಡ ಚಕ್ರವಾದರೆ ಮುಂದೆ ಮಣ್ಣನ್ನು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ, ಉರುಳುವ ಚಕ್ರಕ್ಕೆ ಆ ಅನುಕೂಲ ಇಲ್ಲ.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರಿನ ಮೇಲೆ ಏನೇನಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಅರ್ಧ ರಸ್ತೆಗೆ ಭತ್ತ ಒಣಗಲು ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ನಾನೂ ಹರವಿದ್ದೇನೆ, ಸುಳ್ಳು ಹೇಳುವುದಿಲ್ಲ. ಆ ಕಾಳಿನ ಮೇಲೆ ಟಯರು ಹೋದರೆ ಗೋಲಿಯ ಮೇಲೆ ಕಾಲಿಟ್ಟಂತೆ. ಮಳೆ ಬಿದ್ದ ಮರುದಿನ ಹೊಲದಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರುಗಳು ಎರೆ ಮಣ್ಣನ್ನು ಉದ್ದಕ್ಕೂ ಬಳಿದು ಹೋಗಿರುತ್ತವೆ. ಎರೆ ಒದ್ದೆಯಾದರೆ ಬೆಣ್ಣೆ. ಅಲ್ಲಿ ಯಾವ ಯಂತ್ರವೂ ಕೈ ಹಿಡಿಯುವುದಿಲ್ಲ, ಮೊದಲೇ ವೇಗ ಇಳಿಸಬೇಕು.

ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬೇಡಿ. ಅಡಿಯಲ್ಲಿ ಹೊಗೆ ಕೊಳವೆ ಕಾದಿರುತ್ತದೆ, ಹುಲ್ಲು ಸಿಕ್ಕಿಕೊಂಡರೆ ಬೆಂಕಿ ಹತ್ತುತ್ತದೆ.

ಕೌಲ್ ಬಜಾರ್ ಮೆಕ್ಯಾನಿಕ್

ಎರೆಹೊಲ ಅಣ್ಣ, ಒಪ್ಪಿದೆ. ಮಾಸ್ತರರೇ, ದೂರದ ಲೆಕ್ಕ ನೀವೇ ಮಕ್ಕಳಿಗೆ ಪಾಠ ಮಾಡಬಹುದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕುರಿ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಬರುವುದಕ್ಕೆ ಒಂದು ಸೆಕೆಂಡ್ ಹಿಡಿದರೆ 17 ಮೀಟರ್ ಅಲ್ಲಿಯೇ ಹೋಯಿತು. ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ 20 ಮೀಟರ್ ಬೇಕು. 120ಕ್ಕೆ ಹೋದರೆ ಬ್ರೇಕಿನ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

"ಟಿಂಗ್" ಎನ್ನುವುದು ಮನೆಯವರ ಫೋನಲ್ಲ, ನಿಮ್ಮ ಬಲಗಾಲಿನ ದೂರು. 80 ದಾಟಿದರೆ ಆಗೊಮ್ಮೆ ಈಗೊಮ್ಮೆ, 120 ದಾಟಿದರೆ ಬಿಡದೆ ಕೂಗುತ್ತದೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ಇದೂ ಕಡ್ಡಾಯ.

ದೀಪಗಳ ವಿಷಯ. ಕೀಲಿ ತಿರುಗಿಸಿದಾಗ ಎಲ್ಲವೂ ಹತ್ತುವುದು ಹಾಜರಿ ಕೊಟ್ಟಂತೆ. ಎಂಜಿನ್ ಶುರುವಾಗಿ ಕೆಲವು ಸೆಕೆಂಡಿಗೆ ಆರಬೇಕು. ಯಾವುದು ಆರುವುದಿಲ್ಲವೋ ಅದರ ಮನೆಯಲ್ಲಿ ತೊಂದರೆ ಇದೆ. ಬಣ್ಣ ನೋಡಿದರೆ ಅರ್ಧ ತಿಳಿಯುತ್ತದೆ. ಕೆಂಪು ಬಂದರೆ ನಿಲ್ಲಿಸಿ. ಹಳದಿ ಬಂದರೆ ಆದಷ್ಟು ಬೇಗ ತೋರಿಸಿ. ಹಸಿರು, ನೀಲಿ ಬರೀ ಸುದ್ದಿ; ನೀಲಿ ಎಂದರೆ ನಿಮ್ಮ ಹೈ ಬೀಮ್ ಎದುರಿನವನ ಕಣ್ಣಿಗೆ ಹೊಡೆಯುತ್ತಿದೆ ಎಂಬ ಸುದ್ದಿ.

ಕೆಂಪಿನಲ್ಲಿ ಎರಡನ್ನು ಮರೆಯಬೇಡಿ. ತೊಟ್ಟಿಕ್ಕುವ ಎಣ್ಣೆ ಗಿಂಡಿಯ ಚಿತ್ರ ಬಂದರೆ ಎಂಜಿನ್ನಿಗೆ ಆಯಿಲ್ ಒತ್ತಡ ಇಲ್ಲ. ಮುಂದಿನ ಊರಿನವರೆಗೆ ಹೋಗೋಣ ಎಂದವರ ಎಂಜಿನ್ ಬಿಚ್ಚಿ ಬಿಚ್ಚಿ ನನ್ನ ಮನೆ ಮಾಳಿಗೆ ಆಯಿತು. ಥರ್ಮಾಮೀಟರ್ ಚಿತ್ರ ಬಂದರೆ ಎಂಜಿನ್ ಕಾದಿದೆ. ನಿಲ್ಲಿಸಿ, ಬಂದ್ ಮಾಡಿ, ಕಾಯಿರಿ. ಬಳ್ಳಾರಿ ಬಿಸಿಲಿನಲ್ಲಿ ಕಾಯುವುದು ಕಷ್ಟವೇ, ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಹುಡುಗ ನಮ್ಮ ಗ್ಯಾರೇಜಿನಲ್ಲಿಯೇ ಇದ್ದ.

ಹಳದಿಯ ಎ.ಬಿ.ಎಸ್. ದೀಪ ಆರದಿದ್ದರೆ ಸಾಧಾರಣ ಬ್ರೇಕ್ ಇರುತ್ತದೆ, ಆ ನಡುಕದ ಉಪಕಾರ ಇರುವುದಿಲ್ಲ.

ಗಂಗಾವತಿ ಅಕ್ಕ

ನಾನು ಹೆಣ್ಣುಮಕ್ಕಳಿಗೆ ಕಾರು ಕಲಿಸುತ್ತೇನೆ. ಎಲ್ಲರೂ ಬ್ರೇಕು, ದೀಪ ಎನ್ನುತ್ತಿದ್ದೀರಿ. ಮಾಸ್ತರರು ಸೀಟಿನಲ್ಲಿ ಹೇಗೆ ಕೂತಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಬೈಕಿನಿಂದ ಬಂದವರು ಸೀಟನ್ನು ಮುಂದಕ್ಕೆ ಎಳೆದುಕೊಂಡು ಸ್ಟಿಯರಿಂಗನ್ನು ಮಗುವಿನ ಹಾಗೆ ಅಪ್ಪಿಕೊಳ್ಳುತ್ತಾರೆ. ಅದರ ನಡುವೆ ಏರ್‌ಬ್ಯಾಗ್ ಮಡಚಿ ಇಟ್ಟಿದೆ. ಡಿಕ್ಕಿಯಾದಾಗ ಅದು ಕಣ್ಣು ಮಿಟುಕಿಸುವುದಕ್ಕೆ ಬೇಕಾದ ಹೊತ್ತಿಗಿಂತಲೂ ಬೇಗ ಉಬ್ಬುತ್ತದೆ. ತಲೆದಿಂಬಿನ ಹಾಗೆ ಮೆತ್ತಗೆ ಬರುವುದಿಲ್ಲ, ಹೊಡೆತದ ಹಾಗೆ ಬರುತ್ತದೆ. ಅದು ಪೂರ್ತಿ ಉಬ್ಬಿದ ಮೇಲೆ ನಿಮ್ಮ ಮುಖ ತಾಗಬೇಕು, ಉಬ್ಬುವಾಗಲ್ಲ. ಎದೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಇರಲಿ. ನಾನು ಒಂದು ಗೇಣು, ಮೇಲೆ ನಾಲ್ಕು ಬೆರಳು ಎಂದು ಅಳತೆ ಹೇಳುತ್ತೇನೆ. ಕ್ಲಚ್ಚನ್ನು ತಳದವರೆಗೆ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರಲ್ಲಿರಲಿ. ಹತ್ತು ಮತ್ತು ಎರಡು ಎನ್ನುವುದು ಏರ್‌ಬ್ಯಾಗ್ ಇಲ್ಲದ ಕಾಲದ ಮಾತು.

ತಲೆಯ ಹಿಂದಿನ ದಿಂಬು ಮಲಗಲು ಕೊಟ್ಟದ್ದಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತು ಹಿಂದಕ್ಕೆ ಮುರಿದುಕೊಳ್ಳದಂತೆ ತಡೆಯುವುದು ಅದು. ತುದಿ ನಿಮ್ಮ ನೆತ್ತಿಯ ಮಟ್ಟಕ್ಕೆ ಬರುವಷ್ಟು ಎತ್ತಿಕೊಳ್ಳಿ.

ಇಷ್ಟಕ್ಕೆ ಎರಡು ನಿಮಿಷ ಸಾಕು. ಹಾರ ಹಾಕುವಷ್ಟು ಹೊತ್ತೂ ಬೇಡ.

ಶಕ್ತಿನಗರದ ಬೂದಿ

ನೀವೆಲ್ಲ ಸೇರಿ ಮಾಸ್ತರರನ್ನು ಹೆದರಿಸುತ್ತಿದ್ದೀರಿ. ನಾನು ವಿದ್ಯುತ್ ಸ್ಥಾವರದ ಬೂದಿ ಲಾರಿಗಳ ಹಿಂದೆಯೇ ಹದಿನೈದು ವರ್ಷ ಓಡಾಡಿದ್ದೇನೆ, ಬೆಲ್ಟ್ ಹಾಕಿದ್ದು ಪೊಲೀಸರು ಕಂಡಾಗ ಮಾತ್ರ. ಕಾರಿಗೆ ಏರ್‌ಬ್ಯಾಗ್ ಇದ್ದ ಮೇಲೆ ಬೆಲ್ಟ್ ಏಕೆ? ಬೆಲ್ಟ್ ಹಾಕದಿದ್ದರೆ ಕೂಗುವ ಸದ್ದಿಗೆ ಒಂದು ಪಿನ್ನು ಬರುತ್ತದೆ, ಬಕಲ್ಲಿಗೆ ಸಿಕ್ಕಿಸಿದರೆ ಆಯಿತು.

ಇನ್ನೊಂದು ಮಾತು. ನಮ್ಮ ಕಡೆ ರಸ್ತೆಗೆ ಅಂಟಿಕೊಂಡೇ ಕಾಲುವೆ ಇರುತ್ತದೆ. ಎಡದಂಡೆ ಕಾಲುವೆಗೆ ಕಾರು ಬಿದ್ದರೆ ಬೆಲ್ಟ್ ಬಿಚ್ಚುತ್ತಾ ಕೂರುವುದೇ? ಬೆಲ್ಟ್ ಇಲ್ಲದವನು ಈಜಿ ಹೊರಗೆ ಬರುತ್ತಾನೆ.

ರಾತ್ರಿ ಪಾಳಿ, ಕೊಪ್ಪಳ

ಇಷ್ಟು ದಿನ ಓದಿ ಸುಮ್ಮನಿದ್ದೆ, ಇದಕ್ಕೆ ಬರೆಯಲೇಬೇಕು. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್.

ಬೂದಿ ಅಣ್ಣ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಗೋಡೆಗೆ ಬಡಿದರೆ, ಒಳಗಿರುವವನಿಗೆ ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದಷ್ಟೇ ವೇಗ. ಕಾರು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಬೆಲ್ಟ್ ನಿಮ್ಮನ್ನು ಕಾರಿನ ಜೊತೆಗೆ ನಿಲ್ಲಿಸುತ್ತದೆ. ಏರ್‌ಬ್ಯಾಗ್ ಬೆಲ್ಟಿನ ಮೇಲೆ ಕೊಟ್ಟ ಹೆಚ್ಚುವರಿ ಸಹಾಯ. ಬೆಲ್ಟ್ ಇಲ್ಲದವನು ಉಬ್ಬುತ್ತಿರುವ ಚೀಲದ ಮೇಲೆ ತಾನೇ ಹೋಗಿ ಬೀಳುತ್ತಾನೆ. ಅಂಥ ಮುಖಗಳನ್ನು ತೊಳೆದಿದ್ದೇನೆ.

ಹಿಂದೆ ಕೂರುವವರಿಗಂತೂ ಬೆಲ್ಟ್ ಇದೆ ಎಂಬುದೇ ತಿಳಿದಿರುವುದಿಲ್ಲ. ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋಗಿ ಬರುವ ಕಾರುಗಳನ್ನು ನೋಡಿ. ಹಿಂದೆ ಐದು ಜನ, ತೊಡೆಯ ಮೇಲೆ ಮಕ್ಕಳು. ಒಂದು ರಾತ್ರಿ ಬಂದ ಕಾರಿನಲ್ಲಿ ಬೆಲ್ಟ್ ಹಾಕಿದ್ದ ಚಾಲಕನಿಗೆ ಹೆಗಲಿನ ಮೇಲೆ ಅಡ್ಡ ಬಾಸುಂಡೆ, ಅಷ್ಟೆ. ಅವನ ಬೆನ್ನಿನ ಹಿಂದೆ ಕೂತಿದ್ದ ಅಣ್ಣನಿಗೆ ಎರಡೂ ತೊಡೆ ಮುರಿದಿದ್ದವು. ಮುಂದಿನ ಸೀಟಿಗೆ ಬಡಿದದ್ದು. ಕಾರು ಓಡಿಸಿದ್ದ ತಮ್ಮ, ಮಾತಿಗೊಮ್ಮೆ ತನ್ನ ಬಾಸುಂಡೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮಗುವನ್ನು ಗಟ್ಟಿಯಾಗಿ ಹಿಡಿದಿರುತ್ತೇನೆ ಎನ್ನುವ ತಾಯಂದಿರಿಗೆ ಒಂದು ಲೆಕ್ಕ. ಹತ್ತು ಕಿಲೋ ಮಗು ಅಂಥ ಡಿಕ್ಕಿಯಲ್ಲಿ ಸುಮಾರು ಇನ್ನೂರು ಕಿಲೋ ಎಳೆತ ಎಳೆಯುತ್ತದೆ. ನಾಲ್ಕು ಚೀಲ ಯೂರಿಯಾಕ್ಕಿಂತಲೂ ಹೆಚ್ಚು. ಯಾರ ತೋಳಿಗೂ ಆಗುವುದಿಲ್ಲ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಂಡರೆ ಏರ್‌ಬ್ಯಾಗ್ ಮೊದಲು ಹೊಡೆಯುವುದು ಮಗುವನ್ನು. ಮಕ್ಕಳ ಸೀಟು ತರಿಸಿ ಹಿಂದೆ ಕಟ್ಟಿ. ಹೊಸ ಕಾರುಗಳಲ್ಲಿ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿರುತ್ತವೆ, ಅವಕ್ಕೆ ನೇರವಾಗಿ ಕೂರುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ, 14ರೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದುಕೊಂಡು ಹೋದರೂ ಸಾವಿರ. ದಂಡ ಕಟ್ಟಿದವರು ಯಾರೂ ನಮ್ಮ ವಾರ್ಡಿನಲ್ಲಿ ಅತ್ತದ್ದನ್ನು ನಾನು ನೋಡಿಲ್ಲ.

ಗಂಗಾವತಿ ಅಕ್ಕ

ಕಾಲುವೆಯ ಮಾತಿಗೆ ನಾನು ಉತ್ತರಿಸುತ್ತೇನೆ, ನಮ್ಮ ಊರಿನ ಭಯವೇ ಅದು.

ಕಾರು ಕಾಲುವೆಗೆ ಮೆಲ್ಲಗೆ ಇಳಿಯುವುದಿಲ್ಲ, ಬಡಿದು ಬೀಳುತ್ತದೆ. ಬೆಲ್ಟ್ ಇಲ್ಲದವನ ತಲೆ ಆ ಮೊದಲ ಏಟಿಗೇ ಎಲ್ಲಿಗೋ ತಾಗಿ ಪ್ರಜ್ಞೆ ಹೋದರೆ ಈಜುವುದು ಯಾರು? ಎಚ್ಚರ ಇದ್ದವನಿಗೆ ಬಕಲ್ ಬಿಚ್ಚುವುದು ಒಂದು ಬೆರಳಿನ ಕೆಲಸ.

ನನ್ನ ಹುಡುಗಿಯರಿಗೆ ಹೇಳಿಕೊಡುವ ಕ್ರಮ ಇದು. ಬಿದ್ದ ಕೂಡಲೇ ಬೆಲ್ಟ್ ಬಿಚ್ಚು, ಕಿಟಕಿ ಇಳಿಸು, ಮಕ್ಕಳನ್ನು ಹೊರಗೆ ತಳ್ಳು, ನೀನು ಹೊರಡು. ಫೋನ್ ಹುಡುಕಬೇಡ. ಬಾಗಿಲಿನ ಜೊತೆ ಗುದ್ದಾಡಬೇಡ, ಹೊರಗಿನ ನೀರು ಅದನ್ನು ಒತ್ತಿ ಹಿಡಿದಿರುತ್ತದೆ. ಕಾರು ತಕ್ಷಣ ಮುಳುಗುವುದಿಲ್ಲ, ಸ್ವಲ್ಪ ಹೊತ್ತು ತೇಲುತ್ತದೆ. ಕಿಟಕಿಯ ಮೋಟಾರೂ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಕೆಲಸ ಮಾಡುತ್ತದೆ. ಆ ಒಂದು ನಿಮಿಷವೇ ನಿನ್ನದು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪು ಸುತ್ತಿಗೆಯಿಂದ ಹೊಡೆ. ಮುಂದಿನ ಗಾಜಿಗೆ ಹೊಡೆದು ಶಕ್ತಿ ಕಳೆದುಕೊಳ್ಳಬೇಡ. ಅದು ಎರಡು ಪದರದ ನಡುವೆ ಹಾಳೆ ಇಟ್ಟು ಮಾಡಿದ್ದು, ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಆ ಸುತ್ತಿಗೆ ಹಿಂದೆ ಸಾಮಾನು ಇಡುವ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಕೈಗೆ ಸಿಗುವಂತಿರಲಿ.

ಪಿನ್ನಿನ ವಿಷಯ. ಅಂಥ ಪಿನ್ನುಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿಯೇ ಆದೇಶ ಮಾಡಿದೆ.

ಶಕ್ತಿನಗರದ ಬೂದಿ

ಕಿಟಕಿಯ ಮಾತು ನನಗೆ ಗೊತ್ತಿರಲಿಲ್ಲ. ಉಳಿದದ್ದರ ಬಗ್ಗೆ ಯೋಚಿಸುತ್ತೇನೆ.

ಮಸ್ಕಿ ಮಾಸ್ತರ

ಯೋಚಿಸುವುದಕ್ಕೆ ಏನಿದೆ ಬೂದಿ ಅಣ್ಣ, ನಮ್ಮ ಶಾಲೆಯ ಹುಡುಗರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇವತ್ತು ಸ್ಕೇಲ್ ಹಿಡಿದು ಅಳೆದೆ. ನನ್ನ ಎದೆಗೂ ಸ್ಟಿಯರಿಂಗಿಗೂ 16 ಸೆಂಟಿಮೀಟರ್ ಇತ್ತು. ಸೀಟು ಹಿಂದಕ್ಕೆ ಸರಿಸಿದ್ದೇನೆ. ಈಗ ಕಾರು ಬೇರೆ ಯಾರದೋ ಎಂಬಂತೆ ಅನ್ನಿಸುತ್ತಿದೆ. ಎರಡು ಪ್ರಶ್ನೆಗಳಿವೆ. ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಅಂಜನಾದ್ರಿಯಿಂದ ತಂದ ಆಂಜನೇಯನ ಮೂರ್ತಿಯನ್ನು ಅಂಟಿಸಿದ್ದೇವೆ. ಹಿತ್ತಾಳೆಯದು, ಅಂಗೈ ಅಗಲ. ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಅಕ್ಷರ ಇರುವುದನ್ನು ಇವತ್ತು ಗಮನಿಸಿದೆ. ಇನ್ನೊಂದು, ಬೇಸಿಗೆಯಲ್ಲಿ ಟಯರಿನ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಸಿಡಿಯುತ್ತದೆ ಎಂದು ಪಂಕ್ಚರ್ ಅಂಗಡಿಯವನು ಐದು ಪಾಯಿಂಟ್ ಇಳಿಸಿದ್ದಾನೆ. ಸರಿಯೇ?

ಕೌಲ್ ಬಜಾರ್ ಮೆಕ್ಯಾನಿಕ್

ತಪ್ಪು, ಪೂರಾ ತಪ್ಪು. ಈ ಮಾತು ಬಳ್ಳಾರಿಯಿಂದ ರಾಯಚೂರಿನವರೆಗೆ ಪ್ರತಿ ಅಂಗಡಿಯಲ್ಲಿಯೂ ಇದೆ. ಕೇಳಿ ಕೇಳಿ ಸಾಕಾಗಿದೆ.

ಟಯರು ಬೇಸಿಗೆಯಲ್ಲಿ ಸಿಡಿಯುವುದಕ್ಕೆ ಮುಖ್ಯ ಕಾರಣ ಕಡಿಮೆ ಗಾಳಿಯೇ. ಗಾಳಿ ಕಡಿಮೆ ಇದ್ದರೆ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುವುದಿಲ್ಲವೇ, ಹಾಗೆ. ಹೊರಗೆ 43 ಡಿಗ್ರಿ, ಕೆಳಗೆ ಕಾದ ಡಾಂಬರು, ಕಾರಿನ ತುಂಬ ಜನ, ಸಂಡೂರು ಕಡೆಯ ಅದಿರು ಲಾರಿ ಹಿಂದಿಕ್ಕಲು 110ರ ವೇಗ. ಆಗ ಟಯರು ಹೋಗುತ್ತದೆ, ಜನ ಬಿಸಿಲನ್ನು ಬೈಯುತ್ತಾರೆ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ, ಎಷ್ಟು ಗಾಳಿ ಬೇಕೆಂದು ಅದರಲ್ಲಿದೆ. ತುಂಬಿದ ಕಾರಿಗೆ ಬೇರೆ ಅಂಕಿ ಇರುತ್ತದೆ. ಅದು ತಣ್ಣನೆಯ ಟಯರಿನ ಲೆಕ್ಕ, ಆದ್ದರಿಂದ ಬೆಳಿಗ್ಗೆ ಹಾಕಿಸಿ. ಓಡಿ ಬಂದ ಮೇಲೆ ಅಳೆದರೆ ಮೂರು ನಾಲ್ಕು ಪಾಯಿಂಟ್ ಹೆಚ್ಚು ತೋರಿಸುವುದು ಸಹಜ, ಅದನ್ನು ಇಳಿಸಬೇಡಿ. ನೈಟ್ರೋಜನ್ ಹಾಕಿಸಿ ಎಂದು ದುಡ್ಡು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ 78 ಭಾಗ ಅದಿದೆ, ಪುಕ್ಕಟೆ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ಮಾಡಿದ್ದು. ಹಳೆಯ ಕಾರು ಕೊಳ್ಳುವವರು ಮೊದಲು ಅದನ್ನು ಓದಿ. ಓಡುವಾಗ ಸಿಡಿದರೆ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ.

ಆಂಜನೇಯನ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ, ಅಕ್ಕ ಹೇಳಲಿ.

ಗಂಗಾವತಿ ಅಕ್ಕ

ನಾನೂ ವಾರಕ್ಕೊಮ್ಮೆ ಅಂಜನಾದ್ರಿಯನ್ನು ನೋಡಿ ಕೈ ಮುಗಿಯುವವಳೇ. ಆದರೆ ಆ ಮೂರ್ತಿ ಕೂತಿರುವುದು ಏರ್‌ಬ್ಯಾಗಿನ ಮುಚ್ಚಳದ ಮೇಲೆ. ಅದು ತೆರೆದುಕೊಂಡಾಗ ಹಿತ್ತಾಳೆ ಗುಂಡಿನಂತೆ ಎಡಗಡೆ ಕೂತವರ ಮುಖಕ್ಕೆ ಹಾರುತ್ತದೆ. ಅಲ್ಲಿ ಕೂರುವವರು ನಿಮ್ಮ ಮನೆಯವರು. ಇವತ್ತೇ ತೆಗೆಯಿರಿ. ಕನ್ನಡಿಗೂ ನೇತು ಹಾಕಬೇಡಿ, ದೃಷ್ಟಿಗೆ ಅಡ್ಡ ಬರುತ್ತದೆ.

ಹೊರಗಿನ ಅಂಗಡಿಯಲ್ಲಿ ಸೀಟು ಕವರ್ ಹೊಲಿಸಿದ್ದೀರಾ? ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಎರಡು ಮುಂದಿನ ಸೀಟುಗಳ ಹೊರಪಕ್ಕದಲ್ಲಿಯೇ ಇರುತ್ತವೆ. ಅಲ್ಲಿಯೂ ಸಣ್ಣ ಅಕ್ಷರದ ಗುರುತಿದೆ, ನೋಡಿ. ಗಟ್ಟಿ ರೆಕ್ಸಿನ್ ಕವರ್ ಹೊದಿಸಿದರೆ ಚೀಲ ಹೊರಗೆ ಬರಲು ದಾರಿ ಇಲ್ಲ.

ನಿವೃತ್ತ ಚಾಲಕ, ರಾಯಚೂರು

ಇನ್ನೊಂದು ಸೇರಿಸಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವವರಿದ್ದಾರೆ. ಕಾರಿನ ಮೂತಿ ಏಟು ಹೀರಿಕೊಂಡು ನುಜ್ಜಾಗಲಿ ಎಂದೇ ಮಾಡಿದ್ದು. ಕಬ್ಬಿಣ ಕಟ್ಟಿದರೆ ಆ ಏಟು ನೇರವಾಗಿ ಚಾಸಿಗೂ ಒಳಗಿನವರಿಗೂ ಹೋಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿಯೇ ಅವನ್ನು ತೆಗೆಸಿ ಎಂದಿತ್ತು. ಎಮ್ಮೆ ಬಂದರೆ ಕಾರು ಉಳಿಯುತ್ತದೆ ಎಂದು ನಮ್ಮ ಬೀದಿಯವರು ವಾದಿಸುತ್ತಾರೆ. ಕಾರು ಉಳಿಯಬಹುದು.

ರಾತ್ರಿಯ ಮಾತನ್ನು ಯಾರೂ ಆಡಲಿಲ್ಲ. ಹುಲ್ಲು ತುಂಬಿದ ಟ್ರ್ಯಾಲಿಗೆ ಹಿಂದೆ ದೀಪ ಇರುವುದಿಲ್ಲ, ರೇಡಿಯಂ ಪಟ್ಟಿ ಇದ್ದರೂ ಹುಲ್ಲು ಮುಚ್ಚಿರುತ್ತದೆ. ಎದುರಿನ ಬೆಳಕು ಕಣ್ಣಿಗೆ ಹೊಡೆದ ಆ ಎರಡು ಸೆಕೆಂಡಿನಲ್ಲಿ ಅದು ನಿಮ್ಮ ಮುಂದೆಯೇ ಇರುತ್ತದೆ. ಎದುರು ವಾಹನ ಕಂಡರೆ ನೀವು ಮೊದಲು ಡಿಪ್ ಮಾಡಿ, ಕಣ್ಣನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ಇಡಿ. ಒಳಗಿನ ಕನ್ನಡಿಯ ಕೆಳಗೆ ಒಂದು ಸಣ್ಣ ನಾಲಗೆ ಇದೆ, ಎಳೆದರೆ ಹಿಂದಿನವನ ಬೆಳಕು ಮಂಕಾಗುತ್ತದೆ. ಮಗನ ಕಾರಿನಲ್ಲಿ ಅದು ಏಕಿದೆ ಎಂದು ತಿಳಿಯಲು ನನಗೇ ಎರಡು ವರ್ಷ ಬೇಕಾಯಿತು.

ಎರೆಹೊಲ, ಸಿರುಗುಪ್ಪ

ಟ್ರ್ಯಾಲಿಯ ಮಾತು ನನಗೇ ಅಂದದ್ದು ಎಂದು ತಿಳಿದು ನಾಳೆ ಎರಡು ಪಟ್ಟಿ ಅಂಟಿಸುತ್ತೇನೆ ಕಾಕಾ. ಹುಲ್ಲಿಗೆ ಸಿಗದಂತೆ, ಕೆಳಗೆ.

ಒಂದು ಅನುಮಾನ. ಸಂಡೂರಿನ ಇಳಿಜಾರಿನಲ್ಲಿ ನಮ್ಮ ಅಳಿಯ ನ್ಯೂಟ್ರಲ್‌ಗೆ ಹಾಕುತ್ತಾನೆ, ಪೆಟ್ರೋಲ್ ಉಳಿಯುತ್ತದೆಯಂತೆ. ಒಮ್ಮೊಮ್ಮೆ ಎಂಜಿನ್ನೇ ಬಂದ್ ಮಾಡುತ್ತಾನೆ.

ಕೌಲ್ ಬಜಾರ್ ಮೆಕ್ಯಾನಿಕ್

ಅಳಿಯನನ್ನು ನನ್ನ ಹತ್ತಿರ ಕಳಿಸಿ. ಈಗಿನ ಕಾರು ಗೇರಿನಲ್ಲಿಯೇ ಇಳಿಯುವಾಗ, ಕಾಲು ಆಕ್ಸಿಲರೇಟರ್ ಮೇಲಿಲ್ಲದಿದ್ದರೆ, ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬದುಕಿರಲು ಕುಡಿಯಲೇಬೇಕು. ಉಳಿತಾಯ ಉಲ್ಟಾ. ಗೇರು ಹಿಡಿದುಕೊಳ್ಳುವ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ ಬಂದ್ ಮಾಡಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಸ್ಟಿಯರಿಂಗ್ ಭಾರವಾಗುತ್ತದೆ, ಕೀಲಿ ತೆಗೆದರೆ ಬೀಗವೇ ಬೀಳುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಲಿ, ಮುಂದೆ ಅದಿರು ಲಾರಿ ಹಾಗೆಯೇ ಇಳಿಯುವುದನ್ನು ನೋಡಿ ಕಲಿಯಲಿ.

ಮಸ್ಕಿ ಮಾಸ್ತರ

ಭಾನುವಾರದ ವರದಿ. ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದ ಪಕ್ಕದ ಖಾಲಿ ರಸ್ತೆಗೆ ಹೋದೆವು. ಮನೆಯವರು ಈ ತುದಿಯಲ್ಲಿ, ಮಗ ಆ ತುದಿಯಲ್ಲಿ ಕಾವಲು ನಿಂತರು. 40ಕ್ಕೆ ಹೋಗಿ ಬ್ರೇಕನ್ನು ಪೂರ್ತಿ ತುಳಿದೆ. ಮೊದಲ ಸಲ ನಡುಕ ಬಂದ ಕೂಡಲೇ ಕಾಲು ತಾನಾಗಿ ಮೇಲೆದ್ದಿತು. ಎರಡನೆಯ ಸಲವೂ ಎದ್ದಿತು. ಮೂರನೆಯ ಸಲ ಹಲ್ಲು ಕಚ್ಚಿ ಒತ್ತಿಯೇ ಇದ್ದೆ, ಸ್ವಲ್ಪ ಬಲಕ್ಕೂ ತಿರುಗಿಸಿದೆ. ಕಾರು ಬಲಕ್ಕೆ ಹೋಯಿತು, ನಿಂತಿತು. ಇಷ್ಟೇ. ಆಮೇಲೆ ಮನೆಯವರೂ ಎರಡು ಸಲ ಮಾಡಿದರು, ಅವರ ಕಾಲು ಮೊದಲ ಸಲಕ್ಕೇ ಮೇಲೇಳಲಿಲ್ಲ.

ಗಾಳಿ ಚೀಟಿಯಂತೆ ಹಾಕಿಸಿದೆ. ಅಂಗಡಿಯವನು ನಗುತ್ತಾನೆ, ನಗಲಿ. ಆಂಜನೇಯನನ್ನು ಗೇರಿನ ಮುಂದಿನ ಸಣ್ಣ ತಟ್ಟೆಯಲ್ಲಿ ಕೂರಿಸಿದ್ದೇವೆ. ದೇವರನ್ನು ಕಾಲಿನ ಹತ್ತಿರ ಇಟ್ಟಿರಿ ಎಂದು ಅವ್ವ ಇನ್ನೂ ಮುನಿಸಿಕೊಂಡಿದ್ದಾಳೆ. ಅವಳಿಗೆ ಹಿಂದೆ ಬೆಲ್ಟ್ ಹಾಕಿಸಲು ಹೋದರೆ ಬಕಲ್ಲೇ ಕಾಣುವುದಿಲ್ಲ. ಪಟ್ಟಿ ಇದೆ, ಸಿಕ್ಕಿಸಲು ಜಾಗವಿಲ್ಲ. ಸೆರಗಿನ ಮೇಲೆ ಹಾಕಬೇಕೋ ಕೆಳಗೋ ಎಂಬುದೂ ತಿಳಿಯಲಿಲ್ಲ.

ಗಂಗಾವತಿ ಅಕ್ಕ

ಸೆರಗನ್ನು ಸಾಪಾಟಾಗಿ ಮಡಿಸಿ ಅದರ ಮೇಲೆಯೇ ಹಾಕಿಸಿ. ಮೇಲಿನ ಪಟ್ಟಿ ಹೆಗಲೆಲುಬಿನ ಮೇಲೆ ಬರಲಿ, ಕತ್ತಿಗೆ ತಾಗದಿರಲಿ. ಕೆಳಗಿನದು ಸೊಂಟದ ಎಲುಬಿನ ಮೇಲೆ, ಹೊಟ್ಟೆಯ ಮೇಲಲ್ಲ. ಬಸುರಿಯರಿಗೂ ಇದೇ, ಹೊಟ್ಟೆಯ ಕೆಳಗೆ. ಅವ್ವ ಪಟ್ಟಿಯನ್ನು ಜೋರಾಗಿ ಎಳೆದರೆ ಅದು ಕಚ್ಚಿಕೊಳ್ಳುತ್ತದೆ, ಮೆಲ್ಲಗೆ ಎಳೆಯಲು ಹೇಳಿ.

ಬಕಲ್ ಕಾಣದಿದ್ದರೆ ಸೀಟು ಕವರ್ ಎತ್ತಿ ನೋಡಿ ಮಾಸ್ತರರೇ.

ಮಸ್ಕಿ ಮಾಸ್ತರ

ಸಿಕ್ಕವು ಅಕ್ಕ, ಮೂರೂ. ಕವರಿನ ಕೆಳಗೆ, ಕಂಪನಿಯ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಹೊಲಿದುಬಿಟ್ಟಿದ್ದರು.